ಜೋಡಿಗಂಟಿನ ಚೀಲಗಳು

ಮೂರನೆಯ ಚೀಲವೂ ಹಗುರವಾಗಿತ್ತು.

ತಕ್ಕಡಿಯ ಮುಳ್ಳು ಐದೂಕಾಲು ಕಿಲೋದ ಹತ್ತಿರ ಬಂದು ಒಮ್ಮೆ ನಡುಗಿ ನಿಂತಿತು. ಸ್ಟೋರಮ್ಮ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದಳು. ಮುಳ್ಳು ಅಲುಗಲಿಲ್ಲ. ಏಳು ಕಿಲೋ ಇರಬೇಕಾದ ಚೀಲ. ನೂರು ಗ್ರಾಂ ಆಚೀಚೆ ಆದರೆ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಒಂದೂಮುಕ್ಕಾಲು ಕಿಲೋ ಹಾಕಿಕೊಳ್ಳುವಷ್ಟು ದೊಡ್ಡ ಹೊಟ್ಟೆ ಅವಳದಲ್ಲ.

ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಮೊದಲು ಮಂಚ ಕುರ್ಚಿ ಮಾರುತ್ತಿದ್ದ ಅಂಗಡಿ ಅದು. ಅಂಗಡಿ ಮುಚ್ಚಿದರೂ ಗಾಜಿನ ಮೇಲೆ ‘ಮದುವೆ ಮಂಚಗಳಿಗೆ ವಿಶೇಷ ರಿಯಾಯಿತಿ’ ಎಂಬ ಬರಹ ಹಾಗೇ ಉಳಿದಿತ್ತು. ಅದರ ಕೆಳಗೆ, ಇದನ್ನೆಲ್ಲ ನಡೆಸುವ ಮೇಷ್ಟ್ರು ತಮ್ಮ ಕೈಯಾರೆ ‘ಆಹಾರ ಬ್ಯಾಂಕ್’ ಎಂದು ಬರೆದು ಅಂಟಿಸಿದ್ದರು. ಜನರ ಬಾಯಲ್ಲಿ ಮಾತ್ರ ಅದು ಚೀಲದ ಮನೆ. ಊರಿನ ಎರಡು ಕಾರ್ಖಾನೆ ಬಾಗಿಲು ಹಾಕಿ, ಮೂರನೆಯದು ವಾರಕ್ಕೆ ಮೂರೇ ದಿನ ತೆರೆಯುವಂತಾದ ಮೇಲೆ, ಪುಕ್ಕಟೆ ಚೀಲಕ್ಕೆ ನಿಲ್ಲುವ ಶುಕ್ರವಾರದ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಈಗ ನೂರಾ ನಲವತ್ತು ಮನೆ.

ಸ್ಟೋರಮ್ಮ ಮೂರೂ ಚೀಲಗಳನ್ನು ಸಾಲಾಗಿ ಇಟ್ಟು ನೋಡಿದಳು. ಆಗ ಅದು ಕಣ್ಣಿಗೆ ಬಿತ್ತು. ಉಳಿದ ಚೀಲಗಳ ಬಾಯಿಗೆ ಸೆಣಬಿನ ಹುರಿಯಲ್ಲಿ ಒಂದೇ ಗಂಟು. ಈ ಮೂರಕ್ಕೆ ಗಂಟಿನ ಮೇಲೆ ಗಂಟು.

ಚೀಲ ಕಟ್ಟುವವಳು ಟೈಲರಮ್ಮ ಒಬ್ಬಳೇ.

ಸ್ಟೋರಮ್ಮನಿಗೆ ಆ ಹೆಸರು ಬಂದದ್ದು ಇಲ್ಲಿ ಅಲ್ಲ. ದೊಡ್ಡಾಸ್ಪತ್ರೆಯ ಸ್ಟೋರಿನಲ್ಲಿ ಅವಳು ಮೂವತ್ತೊಂದು ವರ್ಷ ದುಡಿದಿದ್ದಳು. ಹಾಸಿಗೆ, ಹೊದಿಕೆ, ಸೋಪು, ಹಾಲಿನ ಪುಡಿ ಎಲ್ಲವೂ ಅವಳ ಕಣ್ಣಿನಡಿಯಲ್ಲೇ ಹಾದು ಹೋಗಬೇಕಿತ್ತು. ಮೂರು ಜನ ಕಳ್ಳರನ್ನು ಹಿಡಿದ ಹೆಮ್ಮೆ ಅವಳದು. ಅದರಲ್ಲೊಬ್ಬ ಹೊದಿಕೆಗಳನ್ನು ಮೈಗೆ ಸುತ್ತಿಕೊಂಡು, ಬೆಳಿಗ್ಗೆ ತೆಳ್ಳಗೆ ಬಂದವನು ಸಂಜೆ ತುಂಬು ಬಸುರಿಯಾಗಿ ಹೋಗುತ್ತಿದ್ದ. ಇನ್ನೊಬ್ಬ ದಿಂಬಿನ ಹತ್ತಿ ತೆಗೆದು ಹಳೇ ಪೇಪರ್ ತುಂಬುತ್ತಿದ್ದ. ರೋಗಿಯ ತಲೆಯಡಿ ಸರಸರ ಸದ್ದು ಬಂದಾಗಲೇ ಸಿಕ್ಕಿಬಿದ್ದ.

ಆ ದಿಂಬಿನವನೇ ಈಗ ನೆನಪಾದ. ಅವಳು ಮೂರನೆಯ ಚೀಲದ ಗಂಟನ್ನು ಉಗುರಿನಿಂದ ಎಬ್ಬಿಸಿ ಬಿಚ್ಚಿದಳು. ಅಕ್ಕಿಯ ಪೊಟ್ಟಣ ಇಲ್ಲ. ಕಾಳು ಇಲ್ಲ. ಎಣ್ಣೆ ಇಲ್ಲ. ಅವುಗಳ ಬದಲು ಎರಡು ಬ್ರೆಡ್ಡು, ಬಿಸ್ಕತ್ತಿನ ಪೊಟ್ಟಣಗಳು, ಬಿಸಿನೀರು ಹುಯ್ದರೆ ತಿನ್ನಬಹುದಾದ ನೂಡಲ್ಸಿನ ಲೋಟಗಳು, ಸೂಪಿನ ಪುಡಿ, ಬಾಳೆಹಣ್ಣು. ಚೀಲ ಮಾತ್ರ ಹೊರಗಿನಿಂದ ಉಳಿದವುಗಳಿಗಿಂತ ದಪ್ಪಗೆ ಉಬ್ಬಿಕೊಂಡು ಕೂತಿತ್ತು.

ಬೆಲೆಬಾಳುವ ಮಾಲು ತೆಗೆದು ಗಾಳಿ ತುಂಬಿದ್ದಾಳೆ, ಅಂದುಕೊಂಡಳು ಸ್ಟೋರಮ್ಮ. ಹೊಲಿಯುವವಳಲ್ಲವೇ, ಒಳಗೆ ಏನೂ ಇಲ್ಲದಿದ್ದರೂ ಮೇಲೆ ಮಡಿಕೆ ಕೂರಿಸುವುದು ಗೊತ್ತು. ಉಳಿದ ಚೀಲಗಳನ್ನು ತೂಗುವ ಗೋಜಿಗೆ ಹೋಗಲಿಲ್ಲ. ಎತ್ತಿದರೆ ಕೈಗೆ ಭಾರ ಗೊತ್ತಾಗುತ್ತಿತ್ತು. ಭಾರವಾದ ಚೀಲದಲ್ಲಿ ಕಳ್ಳ ಎಲ್ಲಿಂದ ಬರಬೇಕು? ಚೀಲವನ್ನು ಮತ್ತೆ ಕಟ್ಟುವಾಗ ಜೋಡಿಗಂಟನ್ನೇ ಹಾಕಿದಳು. ಕಳ್ಳಿಗೆ ಸುಳಿವು ಸಿಗಬಾರದು.

ಅದು ಬುಧವಾರ. ಅನುಮಾನ ಮಾತ್ರ ಅಂದಿನದಲ್ಲ. ಸೋಮವಾರ ಸಗಟು ಅಂಗಡಿಗೆ ಕಾಳಿನ ಮೂಟೆಗಳಿಗೆ ಸಹಿ ಹಾಕಲು ಹೋದಾಗ, ಬಾಗಿಲಲ್ಲೇ ನಿಂತು, “ಒಳಗೇ ಯಾರೋ ಕೈಯಾಡಿಸ್ತಿದಾರೆ ಅನ್ಸುತ್ತೆ” ಎಂದು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದ್ದಳು. ಮೇಷ್ಟ್ರಿಗೆ ಕಿವಿ ಮಂದ. ಅವರಿಗೆ ಕೇಳುವಂತೆ ಹೇಳಿದ್ದು ಒಳಗೆ ಕೂತ ಸಾಹುಕಾರರಿಗೂ ಚೆನ್ನಾಗಿಯೇ ಕೇಳಿತು. ಅಕ್ಕಿ, ಕಾಳು, ಎಣ್ಣೆ ಎಲ್ಲ ಅವರ ಅಂಗಡಿಯಿಂದ ಪುಕ್ಕಟೆ ಬರುತ್ತಿದ್ದದ್ದು.

“ಸ್ಟೋರಮ್ಮನೋರೇ, ಅವರು ಶುಕ್ರವಾರ ಖುದ್ದು ಬರ್ತಾರಂತೆ,” ಎಂದು ಮೇಷ್ಟ್ರು ಸೋಮವಾರ ಸಂಜೆಯೇ ಒಂದು ಹಿಡಿಯಷ್ಟಾದ ಮುಖ ಇಟ್ಟುಕೊಂಡು ಹೇಳಿದ್ದರು. “ತಮ್ಮ ತಕ್ಕಡೀನೂ ತರ್ತಾರಂತೆ. ಮಾಲು ಸೋರ್ತಿದೆ ಅಂತ ಗೊತ್ತಾದ್ರೆ ಮುಂದಿನ ವಾರದಿಂದ ಒಂದು ಮೂಟೇನೂ ಇಲ್ಲ ಅಂದ್ರು. ಸಾಲಲ್ಲಿ ನಿಂತೋರಿಗೆ ನಾನೇನು ಬಣ್ಣದ ಪೆನ್ಸಿಲ್ ಹಂಚ್ಲಾ?”

ಅವರು ಡ್ರಾಯಿಂಗ್ ಮೇಷ್ಟ್ರಾಗಿದ್ದವರು.

“ಅಷ್ಟರೊಳಗೆ ಹಿಡಿದು ಕೊಡ್ತೀನಿ ಮೇಷ್ಟ್ರೇ,” ಅಂದಿದ್ದಳು ಸ್ಟೋರಮ್ಮ.

* * *

ಬುಧವಾರ ಸಂಜೆ ತಂಗಿ ಬಂದಳು. ಕೈಯಲ್ಲಿ ಎಂದಿನ ಹಾಗೆ ಫ್ಲಾಸ್ಕು.

“ಅಕ್ಕ, ಸ್ವಲ್ಪ ಬಿಸಿನೀರು ಹಾಕ್ಕೊಡೇ. ಇವರಿಗೆ ಗಂಟಲು ಕೆರೆತ.”

ಎರಡು ತಿಂಗಳಿಂದ ಕೆರೆಯುತ್ತಿರುವ ಗಂಟಲು. ತಂಗಿಯ ಗಂಡ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು. ಪ್ರೆಸ್ಸಿನಲ್ಲಿ ಕೆಲಸ ಕಡಿಮೆಯಾಗಿದೆ ಎಂದು ಅವರಿವರು ಅನ್ನುತ್ತಿದ್ದರು. ತಂಗಿಯನ್ನು ಕೇಳಿದರೆ, “ಎಲ್ಲಾ ಮೊದಲಿನ ಹಾಗೇ ಇದೆ” ಎಂಬ ಒಂದೇ ಉತ್ತರ. ಎರಡು ಬೀದಿ ದಾಟಿ ಅಕ್ಕನ ಮನೆಯ ಗ್ಯಾಸಿನಲ್ಲಿ ನೀರು ಕಾಯಿಸಿಕೊಂಡು ಹೋಗುವುದಕ್ಕೆ ಸ್ಟೋರಮ್ಮ ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದಳು: ಜಿಪುಣತನ. ಹೋದ ತಿಂಗಳು ತಾನೇ ಅವರ ಮನೆಗೆ ಹೋದಾಗ ತಂಗಿ ಟೀ ಕೂಡ ಕೊಟ್ಟಿರಲಿಲ್ಲ. ಹಾಲು ಒಡೆದುಹೋಯಿತು ಎಂದು ತಣ್ಣೀರು ತಂದಿಟ್ಟಿದ್ದಳು. ಹಾಲು ಒಡೆದರೆ ಬರೀ ಟೀ ಕೊಡಬಾರದೇ? ಆ ತಣ್ಣೀರು ಸ್ಟೋರಮ್ಮನ ಗಂಟಲಲ್ಲಿ ಇನ್ನೂ ಇಳಿದಿರಲಿಲ್ಲ.

ನೀರು ಒಲೆಯ ಮೇಲಿಟ್ಟು ಅವಳೇ ಮಾತು ತೆಗೆದಳು. “ಚೀಲದ ಮನೇಲಿ ಕಳ್ಳರು ಸೇರ್ಕೊಂಡಿದಾರೆ ಕಣೇ.”

“ಕಳ್ಳರಾ? ಯಾರಕ್ಕ?”

“ಟೈಲರಮ್ಮ. ನಾಳೆ ಹಿಡೀತೀನಿ. ಗುರುವಾರ ಗುರುವಾರ ಅವಳ ಕೈಯಲ್ಲಿ ಒಂದು ಚೀಲ ಇರುತ್ತೆ. ತನ್ನದಂತೆ. ಅವಳ ಪಾಲಿಂದು ಶುಕ್ರವಾರ ತಗೊಳ್ತಾಳಲ್ಲ, ಗುರುವಾರದ್ದು ಯಾರದು?”

ತಂಗಿಯ ಕೈಯಿಂದ ಫ್ಲಾಸ್ಕಿನ ಮುಚ್ಚಳ ಜಾರಿ, ನೆಲದ ಮೇಲೆ ಉರುಳಿಕೊಂಡು ಹೋಗಿ ಮೇಜಿನ ಕಾಲಿಗೆ ಬಡಿದು ನಿಂತಿತು. ಅವಳು ಬಗ್ಗಿ ಅದನ್ನು ಎತ್ತಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡಳು.

“ಅವಳು ಒಳ್ಳೆಯೋಳ ಹಾಗೆ ಕಾಣ್ತಾಳಪ್ಪ,” ಅಂದಳು ಮೇಜಿನ ಕೆಳಗಿನಿಂದಲೇ.

“ಕಳ್ಳರು ಹಣೆ ಮೇಲೆ ಬರ್ಕೊಂಡು ಓಡಾಡ್ತಾರಾ? ನಿಂಗೆ ಅವಳು ಎಲ್ಲಿ ಗೊತ್ತು?”

“ಇವರ ಪ್ಯಾಂಟು ಸಣ್ಣ ಮಾಡಿಸೋಕೆ ಕೊಟ್ಟಿದ್ದೆ. ಅಷ್ಟೆ.”

ಒಳಗಿನ ಕೋಣೆಯಿಂದ ಸ್ಟೋರಮ್ಮನ ಗಂಡ ಪೇಪರು ಮಡಿಸುತ್ತ ಬಂದರು. “ಹುಷಾರಮ್ಮ,” ಅಂದರು ನಾದಿನಿಗೆ. “ನಿಮ್ಮಕ್ಕ ಆ ಫ್ಲಾಸ್ಕನ್ನೂ ತೂಗಿಯೇ ಕಳಿಸೋದು. ನಾನು ಸ್ನಾನಕ್ಕೆ ಹೋದ್ರೆ ಸೋಪು ಎಷ್ಟು ಸವೀತು ಅಂತ ನೋಡೋ ಹೆಂಗಸು.”

ತಂಗಿ ನಗಲಿಲ್ಲ. ಫ್ಲಾಸ್ಕು ತುಂಬಿದ ಕೂಡಲೇ ಎದ್ದಳು. ಸ್ಟೋರಮ್ಮ ಕಿಟಕಿಯ ಪರದೆ ಸರಿಸಿ ಅವಳು ಬೀದಿ ದಾಟುವುದನ್ನು ನೋಡಿದಳು. ಪ್ಯಾಂಟು ಸಣ್ಣ ಮಾಡಿಸುವುದು ಯಾಕೆ? ಆ ಮನುಷ್ಯ ತೆಳ್ಳಗಾದದ್ದು ತನಗೆ ಕಂಡೇ ಇಲ್ಲವಲ್ಲ.

* * *

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಟೈಲರಮ್ಮ ಕೈಗೆ ಅಂಟಿದ ಸೆಣಬಿನ ಎಳೆ ಒರೆಸಿಕೊಂಡಳು. “ಬರ್ತೀನಿ ಸ್ಟೋರಮ್ಮ,” ಎಂದು ಒಂದು ಚೀಲ ಎತ್ತಿಕೊಂಡಳು. ಜೋಡಿಗಂಟು.

“ಭಾರನಾ?” ಎಂದಳು ಸ್ಟೋರಮ್ಮ, ಏನೂ ಗೊತ್ತಿಲ್ಲದವಳ ಹಾಗೆ.

“ಇಲ್ಲ, ಹಗುರ,” ಎಂದಳು ಅವಳು. ಎಷ್ಟು ಧೈರ್ಯ ನೋಡಿ.

ಸ್ಟೋರಮ್ಮ ಐವತ್ತು ಹೆಜ್ಜೆ ಬಿಟ್ಟು ಹಿಂದೆ ಹೊರಟಳು. ಮಂಡಿನೋವಿನ ಹೆಂಗಸಿಗೆ ಕಳ್ಳಹೆಜ್ಜೆ ಸುಲಭವಲ್ಲ. ಟೈಲರಮ್ಮ ತನ್ನ ಮನೆಯ ಕಡೆ ತಿರುಗಲಿಲ್ಲ. ಔಷಧದ ಅಂಗಡಿ ದಾಟಿದಳು. ಬಾಗಿಲು ಹಾಕಿದ ಗಡಿಯಾರದ ಅಂಗಡಿ ದಾಟಿದಳು. ಮಾರುವುದಕ್ಕೇ ಹೊರಟಿದ್ದಾಳೆ, ಯಾವುದೋ ಸಣ್ಣ ಹೋಟೆಲಿನವನಿಗೆ, ಎಂದು ಸ್ಟೋರಮ್ಮ ಲೆಕ್ಕ ಹಾಕಿದಳು. ಆಮೇಲೆ ಟೈಲರಮ್ಮ ಒಂದು ನಾಲ್ಕು ಮಹಡಿಯ ಹಳೇ ಕಟ್ಟಡದೊಳಗೆ ನುಗ್ಗಿದಳು.

ಅದು ತಂಗಿಯ ಕಟ್ಟಡ.

ಮೊದಲು ಹೊಳೆದದ್ದು ಒಂದೇ: ಇಬ್ಬರೂ ಸೇರಿದ್ದಾರೆ. ನಿನ್ನೆ ಜಾರಿದ ಮುಚ್ಚಳ, ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ ಮುಖ, ‘ಒಳ್ಳೆಯೋಳ ಹಾಗೆ ಕಾಣ್ತಾಳೆ’ ಎಂಬ ಶಿಫಾರಸು, ಎಲ್ಲವೂ ತಾವಾಗಿಯೇ ಬಂದು ಒಂದಕ್ಕೊಂದು ಕೂಡಿಕೊಂಡವು. ಅಕ್ಕನ ಕೈಕೆಳಗಿನ ಮಾಲು ತಂಗಿಯ ಮನೆಯಲ್ಲಿ ಬಚ್ಚಿಟ್ಟರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ನಾಳೆ ಸಾಹುಕಾರರ ಎದುರು ಯಾರನ್ನು ಹಿಡಿದು ಕೊಡುವುದು? ಹಿಡಿದು ಕೊಡದಿದ್ದರೆ ನೂರಾ ನಲವತ್ತು ಮನೆಯ ಮೂಟೆ ಹೋಯಿತು. ಹಿಡಿದು ಕೊಟ್ಟರೆ ಒಡಹುಟ್ಟಿದವಳು ಹೋದಳು.

ಮೆಟ್ಟಿಲ ಕಂಬಿ ಹಿಡಿದು ಸದ್ದಾಗದಂತೆ ಹತ್ತಿದಳು. ತಂಗಿಯ ಮನೆ ಮೂರನೆಯ ಮಹಡಿ. ಎರಡನೆಯ ಮಹಡಿಯ ತಿರುವಿನಲ್ಲೇ ನಿಂತಳು. ಮೇಲೆ ಬಾಗಿಲು ತೆರೆದೇ ಇತ್ತು. ಮಾತು ನೇರವಾಗಿ ಮೆಟ್ಟಿಲಿಳಿದು ಬರುತ್ತಿತ್ತು.

“ಇವತ್ತು ಸೂಪಿನ ಪುಡಿ ಎರಡು ಜಾಸ್ತಿ ಹಾಕಿದೀನಿ,” ಟೈಲರಮ್ಮನ ದನಿ.

“ಮುಂದಿನ ವಾರದಿಂದ ಬೇಡ. ಅಕ್ಕಂಗೆ ನಿಮ್ಮ ಮೇಲೆ ಅನುಮಾನ ಬಂದಿದೆ.” ಇದು ತಂಗಿ.

“ಬರ್ಲಿ ಬಿಡಿ. ಅವರಿಗೆ ತಮ್ಮ ನೆರಳಿನ ಮೇಲೂ ಅನುಮಾನ.”

“ನಗಬೇಡಿ. ನಿಮ್ಮ ಕೆಲಸ ಹೋದ್ರೆ ಆ ಪಾಪ ನಂಗೆ. ಹೇಗೋ ಆಗುತ್ತೆ ನಮಗೆ. ಎರಡು ತಿಂಗಳಾಯ್ತು ಒಲೆ ಹಚ್ಚಿ, ಇನ್ನೆರಡು ತಿಂಗಳು ಕಳೆಯಲ್ವಾ? ಫ್ಲಾಸ್ಕಿನ ನೀರಲ್ಲಿ ನೂಡಲ್ಸ್ ಚೆನ್ನಾಗೇ ಬೇಯುತ್ತೆ. ಇವರು ಬರೋ ಹೊತ್ತಿಗೆ ಸ್ವಲ್ಪ ಆರಿರುತ್ತೆ, ಅಷ್ಟೆ. ಅಕ್ಕಂಗೆ ಮಾತ್ರ ಗೊತ್ತಾಗಬಾರದು.”

ಸ್ಟೋರಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಗಿಲು ಹಾಕಿಕೊಂಡ ಸದ್ದು. ಇಳಿಯುವ ಹೆಜ್ಜೆಗಳು. ತಿರುವಿನಲ್ಲಿ ಟೈಲರಮ್ಮ ಅವಳನ್ನು ಕಂಡು ಅಲ್ಲೇ ನಿಂತಳು. ಟೈಲರಮ್ಮ ಬೆರಳು ತುಟಿಯ ಮೇಲಿಟ್ಟು, ಇನ್ನೊಂದು ಕೈಯಿಂದ ಕೆಳಗೆ ತೋರಿಸಿದಳು. ಮೂವತ್ತೊಂದು ವರ್ಷದಲ್ಲಿ ಸ್ಟೋರಮ್ಮನಿಗೆ ಬಾಯಿ ಮುಚ್ಚು ಎಂದವರು ಯಾರೂ ಇರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಕೆಳಗಿಳಿದಳು.

ಕೆಳಗೆ, ಟಪಾಲು ಡಬ್ಬಿಗಳ ಪಕ್ಕ, ಯಾರದೋ ತುಕ್ಕು ಹಿಡಿದ ಸೈಕಲ್ಲಿನ ಹತ್ತಿರ ನಿಂತರು.

“ಎಷ್ಟು ಮನೆ?” ಎಂದಳು ಸ್ಟೋರಮ್ಮ. ಕೇಳಬೇಕೆಂದಿದ್ದು ಅದಲ್ಲ.

“ಹನ್ನೊಂದು. ಕೆಲವರಿಗೆ ಗ್ಯಾಸಿಲ್ಲ, ಕೆಲವರಿಗೆ ಕರೆಂಟು ಕಟ್ಟಾಗಿದೆ. ಒಂದು ಸಂಸಾರ ವ್ಯಾನಲ್ಲಿ ಮಲಗುತ್ತೆ. ಅವರಿಗೆ ಒಂದೂವರೆ ಕಿಲೋ ಕಾಳು ಕೊಟ್ರೆ ಏನು ಮಾಡ್ತಾರೆ, ಎಣಿಸ್ತಾ ಕೂರ್ತಾರಾ?”

“ನಂಗೆ ಹೇಳಬಹುದಿತ್ತಲ್ಲ.”

“ಒಬ್ಬಳು ಹೇಳಿದ್ಳಲ್ಲ. ಆ ಮುದುಕಿ ಕಾಳು ಬೇಡ, ಬ್ರೆಡ್ಡು ಇದ್ರೆ ಕೊಡಿ ಅಂದ್ಳು, ನೆನಪಿದೆಯಾ? ಇದೇನು ಹೋಟೆಲಾ ಅಂದ್ರಿ. ಎಲ್ಲರಿಗೂ ಒಂದೇ ತೂಕ, ಒಂದೇ ಮಾಲು ಅಂದ್ರಿ. ಆಮೇಲೆ ಗ್ಯಾಸ್ ಯಾಕಿಲ್ಲ, ಮಗ ಏನು ಮಾಡ್ತಾನೆ, ಕುಡೀತಾನಾ ಅಂತ ಸಾಲಿನ ಮುಂದೆ ಕೇಳಿದ್ರಿ. ಅವತ್ತಿಂದ ಅವಳು ಬರೋದೇ ಬಿಟ್ಳು. ಮಿಕ್ಕೋರು ನನ್ನ ಮೇಜಿನ ಹತ್ರ ಬಂದು ಪಿಸುಗುಟ್ತಾರೆ.”

“ತೆಗೆದ ಕಾಳೆಲ್ಲಾ ಎಲ್ಲಿ ಹೋಯ್ತು?”

ಟೈಲರಮ್ಮ ಅವಳನ್ನೇ ನೋಡಿದಳು. “ಮಕ್ಕಳು ಜಾಸ್ತಿ ಇರೋ ಮನೆ ಚೀಲಕ್ಕೆ. ಅವು ಎಂಟೂವರೆ, ಒಂಬತ್ತು ಕಿಲೋ ತೂಗುತ್ವೆ. ನೀವು ಕಡಿಮೆ ಇರೋದನ್ನ ಮಾತ್ರ ತಕ್ಕಡಿಗೆ ಹಾಕಿದ್ರಿ, ಸ್ಟೋರಮ್ಮ. ಜಾಸ್ತಿ ಇರೋದನ್ನ ಯಾವತ್ತಾದ್ರೂ ಹಾಕಿದ್ರಾ?”

ಸ್ಟೋರಮ್ಮ ಸೈಕಲ್ಲಿನ ಬೆಲ್ಲಿನ ಮೇಲೆ ಕೈ ಇಟ್ಟಳು. ಬೆಲ್ಲು ಕೆಟ್ಟಿತ್ತು, ಸದ್ದಾಗಲಿಲ್ಲ.

“ಅವಳು ನಂಗೆ ಯಾಕೆ ಹೇಳ್ಲಿಲ್ಲ?”

“ಅದನ್ನ ನನ್ನ ಕೇಳ್ತೀರಾ? ಪ್ಯಾಂಟು ಕೊಡೋಕೆ ಹೋದಾಗ ಅಡುಗೆಮನೆ ನೋಡಿದೆ. ಒಲೆ ಮೇಲೆ ಬಟ್ಟೆ ಮಡಿಸಿ ಇಟ್ಟಿದ್ರು. ಅಕ್ಕಂಗೆ ಹೇಳಿ ಅಂದೆ. ಹೇಳಿದ್ರೆ ಅಕ್ಕ ಕೊಡ್ತಾಳೆ, ಕೊಡಲ್ಲ ಅಂತಲ್ಲ, ಆದ್ರೆ ಕೊಡೋ ಮೊದಲು ತನಿಖೆ ಮಾಡ್ತಾಳೆ, ಅದು ನಂಗೆ ಬೇಡ ಅಂದ್ರು.” ಅವಳು ಸೆರಗು ಸರಿಮಾಡಿಕೊಂಡಳು. “ಆಣೆ ಹಾಕಿಸ್ಕೊಂಡಿದಾರೆ. ನಾನು ಹೇಳ್ಲಿಲ್ಲ. ನೀವಾಗೇ ಕೇಳಿಸ್ಕೊಂಡಿರಿ. ನಾಳೆ ಸಾಹುಕಾರ್ರ ಎದುರು ನನ್ನ ಹೆಸರು ಹೇಳಿ, ಬೇಜಾರಿಲ್ಲ. ಆ ಹನ್ನೊಂದು ಮನೆ ಹೆಸರು ಮಾತ್ರ ಹೇಳಬೇಡಿ.”

ಅಲ್ಲಿಂದ ಹೊರಟ ದಾರಿಯುದ್ದಕ್ಕೂ ಸ್ಟೋರಮ್ಮ ಆ ಮಾತಿನಲ್ಲೂ ಒಂದು ಬಿರುಕು ಹುಡುಕಿದಳು. ಟೈಲರಮ್ಮ ಕಟ್ಟು ಕಥೆ ಹೇಳಿರಬಹುದೇ? ಚೀಲದ ಮನೆಗೆ ವಾಪಸು ಹೋಗಿ, ಒಬ್ಬಳೇ ನಿಂತು, ಭಾರದ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸಿದಳು. ಎಂಟೂವರೆ. ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಎಂಟೂಮುಕ್ಕಾಲು. ಮಂಡಿ ಉರಿಯತೊಡಗಿದಾಗ ಬಿಟ್ಟಳು.

* * *

ಶುಕ್ರವಾರ ಸಾಹುಕಾರರು ಒಬ್ಬ ಆಳನ್ನೂ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಕಟ್ಟಿಕೊಂಡು ಬಂದರು. ಹೊರಗೆ ಸಾಲು ಆಗಲೇ ಗಾಜಿಗೆ ಅಂಟಿಕೊಂಡು ನಿಂತಿತ್ತು. ಸಾಹುಕಾರರು ರಾಶಿಯ ಸುತ್ತ ಒಂದು ಸುತ್ತು ಹಾಕಿ, ದಪ್ಪಗೆ ಉಬ್ಬಿದ ಒಂದು ಚೀಲವನ್ನೇ ಎತ್ತಿದರು. ಅವರದೂ ವ್ಯಾಪಾರದ ಕೈ. ಎತ್ತಿದ ಕೂಡಲೇ ಹುಬ್ಬು ಗಂಟಿಕ್ಕಿತು.

“ಐದು ಇನ್ನೂರು,” ಎಂದ ಆಳು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಟೈಲರಮ್ಮ ಹುರಿಯ ಉಂಡೆ ಸುತ್ತುತ್ತಲೇ ಇದ್ದಳು.

“ಒಂದೇ ತೂಗಬೇಡಿ ಸಾಹುಕಾರ್ರೇ,” ಎಂದಳು ಸ್ಟೋರಮ್ಮ. “ಇದನ್ನೂ ಹಾಕಿ. ಇದನ್ನೂ.” ಅವಳು ನಿನ್ನೆ ಗುರುತಿಟ್ಟಿದ್ದ ಭಾರದ ಚೀಲಗಳನ್ನು ತಾನೇ ಎಳೆದು ತಂದಳು. “ಒಟ್ಟು ಮಾಡಿ ನೋಡಿ. ನಿಮ್ಮ ಮೂಟೇಲಿ ಬಂದ ಒಂದು ಕಾಳೂ ಹೊರಗೆ ಹೋಗಿಲ್ಲ. ಒಲೆ ಉರಿಯೋ ಮನೆಗೆ ಜಾಸ್ತಿ, ಒಲೆ ಇಲ್ಲದ ಮನೆಗೆ ಬ್ರೆಡ್ಡು. ಸೋಮವಾರ ನಾನು ಹೇಳಿದ್ದು ತಪ್ಪು.”

ಆಳು ಹಗುರದ್ದನ್ನೂ ಭಾರದ್ದನ್ನೂ ತೂಗಿದ. ಸಾಹುಕಾರರು ಮನಸ್ಸಿನಲ್ಲೇ ಕೂಡಿಸಿದರು. ಮುಖದ ಗಂಟು ಮಾತ್ರ ಸಡಿಲವಾಗಲಿಲ್ಲ.

“ಒಲೆ ಇಲ್ಲದ ಮನೆ ಅಂತ ಯಾರು ಹೇಳಿದ್ದು? ಬ್ರೆಡ್ಡು ಬಿಸ್ಕತ್ತು ಅಂದ್ರೆ ಎಲ್ಲರಿಗೂ ಬಾಯಲ್ಲಿ ನೀರು. ನಾಳೆ ಎಲ್ಲರ ಒಲೇನೂ ಆರಿಹೋಗುತ್ತೆ. ಇದು ಯಾರ ಮನೇದು ಹೇಳಿ.” ಅವರು ಉಬ್ಬಿದ ಚೀಲದ ಮೇಲೆ ಕೈಯಿಟ್ಟರು. “ನಮ್ಮ ಆಳು ಈಗಲೇ ಹೋಗಿ ಅಡುಗೆಮನೆ ನೋಡ್ಕೊಂಡು ಬರ್ತಾನೆ. ನಿಜ ಆದ್ರೆ ನಾನೇ ಇನ್ನೆರಡು ಮೂಟೆ ಹಾಕ್ತೀನಿ.”

ನ್ಯಾಯವಾದ ಮಾತೇ. ಹೋದ ವಾರವಾಗಿದ್ದರೆ ಸ್ಟೋರಮ್ಮನೂ ಅದನ್ನೇ ಹೇಳುತ್ತಿದ್ದಳು. ಬಹುಶಃ ಆಳಿನ ಜೊತೆ ತಾನೂ ಹೊರಡುತ್ತಿದ್ದಳು. ಗಾಜಿನಾಚೆ ಸಾಲಿನಲ್ಲಿದ್ದ ಕೆಲವರು ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿ ನಿಂತರು. ಆಳು ತನಗೆ ಪರಿಚಯವಿಲ್ಲದ ಒಂದು ಅಡುಗೆಮನೆಯಲ್ಲಿ ನಿಂತು, ಮಡಿಸಿಟ್ಟ ಬಟ್ಟೆ ಸರಿಸಿ, ಒಲೆಯ ಕಿವಿ ತಿರುವಿ ನೋಡುವುದು ಅವಳ ಕಣ್ಣಿಗೆ ಕಟ್ಟಿತು.

“ನಂದು,” ಎಂದಳು.

“ಏನು ನಿಮ್ಮದು?”

“ಆ ಚೀಲ. ನಮ್ಮನೇದು. ಎರಡು ತಿಂಗಳಿಂದ ಗ್ಯಾಸಿಲ್ಲ.”

ಹುರಿಯ ಉಂಡೆ ಟೈಲರಮ್ಮನ ಕೈಯಲ್ಲಿ ನಿಂತಿತು. ಮೇಷ್ಟ್ರು ಕಣ್ಣು ತೆರೆದರು. ಸಾಹುಕಾರರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆ ನೋಟ ಸ್ಟೋರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅವಳು ಬೇರೆಯವರ ಮೇಲೆ ಬೀರುತ್ತಿದ್ದದ್ದು ಅದನ್ನೇ. ಅದು ಮೈಮೇಲೆ ಬಿದ್ದಾಗ ಎಲ್ಲೆಲ್ಲಿ ಚುಚ್ಚುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಸೀರೆ ಚೆನ್ನಾಗಿಯೇ ಇದೆಯಲ್ಲ, ಎಂದಿತು ಆ ನೋಟ. ಕಿವಿಯಲ್ಲಿ ಓಲೆ ಇದೆಯಲ್ಲ. ಪಿಂಚಣಿ ಬರುತ್ತದಲ್ಲ.

“ನೀವೇ ಉಸ್ತುವಾರಿ, ನೀವೇ ಚೀಲ ತಗೊಳ್ಳೋರು,” ಎಂದರು ಸಾಹುಕಾರರು ನಿಧಾನಕ್ಕೆ. “ಚೆನ್ನಾಗಿದೆ.”

“ಆಳನ್ನ ಕಳಿಸಬೇಕಾದ್ರೆ ಕಳಿಸಿ. ಆದ್ರೆ ಬಾಗಿಲು ತೆಗೆಯಲ್ಲ. ಕೊಡೋದಾದ್ರೆ ಅಡುಗೆಮನೆ ನೋಡದೆ ಕೊಡಿ.”

ಸಾಹುಕಾರರು ತಕ್ಕಡಿ ಎತ್ತಿಕೊಳ್ಳುವಂತೆ ಆಳಿಗೆ ಕಣ್ಸನ್ನೆ ಮಾಡಿದರು. ಬಾಗಿಲಲ್ಲಿ ನಿಂತು ಮೇಷ್ಟ್ರಿಗೆ ಹೇಳಿದರು: “ಒಟ್ಟು ತೂಕ ಸರಿ ಇದೆ, ಅದಕ್ಕೆ ಮೂಟೆ ನಿಲ್ಲಿಸಲ್ಲ. ಹೆಚ್ಚಿನ ಎರಡು ಮೂಟೆ ಮಾತು ಮರೆತುಬಿಡಿ. ಮತ್ತೆ ಸಹಿ ಹಾಕೋಕೆ ಇವರು ಬರೋದು ಬೇಡ. ಬೇರೆ ಯಾರನ್ನಾದ್ರೂ ಕಳಿಸಿ.”

ಬಾಗಿಲು ತೆರೆದರು. ಸಾಲು ಒಳಗೆ ಬಂತು. ಅಂದು ಚೀಲ ತೆಗೆದುಕೊಂಡವರಲ್ಲಿ ಅರ್ಧ ಜನ ಸ್ಟೋರಮ್ಮನ ಮುಖ ನೋಡಲಿಲ್ಲ. ಉಳಿದರ್ಧ ಜನ ಅದನ್ನೇ ನೋಡಿದರು. ಸಂಜೆ ಬಾಗಿಲು ಹಾಕುವಾಗ ಟೈಲರಮ್ಮ ಆ ಉಬ್ಬಿದ ಚೀಲವನ್ನು ಸ್ಟೋರಮ್ಮನ ಎದುರಿಗೆ ತಂದಿಟ್ಟಳು. “ಇದು ವ್ಯಾನಲ್ಲಿ ಮಲಗೋರದ್ದು. ಎಲ್ಲರೂ ನೋಡ್ತಿದ್ರಲ್ಲ, ಅದಕ್ಕೆ ಕೊಡೋಕಾಗ್ಲಿಲ್ಲ. ಕತ್ತಲಾಗೋ ಮೊದಲು ಕೊಟ್ಟು ಬರ್ತೀನಿ.”

“ನಾನೂ ಬರ್ಲಾ?”

“ಬೇಡ,” ಎಂದಳು ಟೈಲರಮ್ಮ. “ಅವರು ನಿಮಗೆ ಹೆದರ್ತಾರೆ.”

* * *

ಭಾನುವಾರ ಬೆಳಿಗ್ಗೆ ತಂಗಿ ಬಂದಳು. ಕೈಯಲ್ಲಿ ಫ್ಲಾಸ್ಕಿತ್ತು. ಒಳಗೆ ಬರದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

“ಬೀದೀಲೆಲ್ಲ ಅದೇ ಮಾತು,” ಅಂದಳು. “ನಿಮ್ಮನೇಲಿ ಗ್ಯಾಸಿಲ್ವಂತೆ. ಚೀಲದ ಮನೆ ಚೀಲ ನೀನೇ ತಗೊಳ್ತಿದೀಯಂತೆ.”

ಸ್ಟೋರಮ್ಮ ಬೆನ್ನು ತೋರಿಸಿ ನಿಂತಿದ್ದಳು. ಅವಳ ಮುಂದೆ ಒಲೆ ನೀಲಿಯಾಗಿ ಉರಿಯುತ್ತಿತ್ತು. ಮೇಲೆ ನೀರಿನ ಪಾತ್ರೆ. ಎಂದಿನದಲ್ಲ, ದೊಡ್ಡದು.

“ಒಲೆ ಉರೀತಿದೆಯಲ್ಲ,” ಎಂದಳು ತಂಗಿ.

“ಹ್ಞೂಂ.”

“ಟೈಲರಮ್ಮ ಹೇಳಿದ್ಲಾ?”

“ಅವಳ ಬಾಯಿಗೆ ನೀನು ಹೊಲಿಗೆ ಹಾಕಿದೀಯ. ಅವಳೇನು ಹೇಳ್ತಾಳೆ.”

ತಂಗಿಯ ಕಣ್ಣುಗಳು ಸಣ್ಣವಾದವು. ಆ ಕಣ್ಣು ಸಣ್ಣ ಮಾಡುವುದು ಅವರಮ್ಮನದು. ಇಬ್ಬರು ಹೆಣ್ಣುಮಕ್ಕಳಿಗೂ ಸಮಪಾಲಾಗಿ ಬಂದಿತ್ತು. “ಹಾಗಾದ್ರೆ ಅವಳ ಹಿಂದೆ ಬಂದಿದೀಯ. ಮೆಟ್ಟಿಲಲ್ಲಿ ನಿಂತು ಕದ್ದು ಕೇಳಿದೀಯ.”

“ಹ್ಞೂಂ,” ಎಂದಳು ಸ್ಟೋರಮ್ಮ.

“ಇನ್ನು ಏನೇನು ಕೇಳಬೇಕು ಅಂತಿದೀಯೋ ಎಲ್ಲಾ ಕೇಳಿಬಿಡು. ಇವರ ಸಂಬಳ ಯಾವಾಗಿಂದ ನಿಂತಿದೆ, ನಾನು ಯಾರ ಹತ್ರ ಏನು ತಗೊಂಡೆ, ಎಲ್ಲಾ. ಒಂದೇ ಸಲ ಕೇಳಿ ಮುಗಿಸು.”

ಪ್ರಶ್ನೆಗಳು ನಿಜವಾಗಿಯೂ ಸ್ಟೋರಮ್ಮನ ನಾಲಿಗೆಯ ತುದಿಯಲ್ಲೇ ಇದ್ದವು. ಪ್ರೆಸ್ಸಿನವರು ಏನಂದರು? ನೀನು ನನಗೆ ಸುಳ್ಳು ಹೇಳಿದ್ದು ಎಷ್ಟು ಸಲ? ಅವಳು ಅವನ್ನು ಒಂದೊಂದಾಗಿ ನುಂಗಿದಳು. ಸುಲಭವಾಗಿ ಇಳಿಯಲಿಲ್ಲ.

“ನೀರು ಇನ್ನೂ ಕುದಿ ಬಂದಿಲ್ಲ,” ಎಂದಳು. “ಕೂತ್ಕೋ.”

ತಂಗಿ ಕೂರಲಿಲ್ಲ. ಹಾಗಂತ ಹೊರಡಲೂ ಇಲ್ಲ. ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡು, ಅಕ್ಕನ ಬೆನ್ನನ್ನೇ ನೋಡುತ್ತ, ಮುಂದಿನ ಪ್ರಶ್ನೆ ಈಗ ಬಂತು ಈಗ ಬಂತು ಎಂದು ಕಾಯುತ್ತ ನಿಂತಳು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದವು.